ಮಾತಿನ ದಾರಿಯಲ್ಲಿ ಫ್ಯಾಕ್ಸ್

ಉತ್ತರ ಕನ್ನಡದ ಹಳಿಯಾಳಕ್ಕೆ ಹೆಚ್ಚು ದೂರವಲ್ಲದ ಕಿತ್ತೂರಿನಲ್ಲಿ 1986ರಲ್ಲಿ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು. ಹವಾನಿಯಂತ್ರಣ ಬೇಡದ ಈ ದೇಸಿ ಯಂತ್ರಗಳು ಸಣ್ಣ ಊರುಗಳಿಗೆ ಫೋನ್ ತಂದವು. ಫೋನ್ ಬಂದಲ್ಲಿ ಫ್ಯಾಕ್ಸಿಗೂ ದಾರಿಯಾಯಿತು. ಅಷ್ಟರಲ್ಲಿ ಫ್ಯಾಕ್ಸ್ ಕೂಡ ಹದಕ್ಕೆ ಬಂದಿತ್ತು. 1968ರ ಅಂತರರಾಷ್ಟ್ರೀಯ ಮಾನಕದ ಮೊದಲ ಗುಂಪಿನ ಯಂತ್ರಕ್ಕೆ ಒಂದು ಪುಟಕ್ಕೆ ಆರು ನಿಮಿಷ ಬೇಕಿದ್ದರೆ, 1980ರ ಮೂರನೇ ಗುಂಪಿನದಕ್ಕೆ ಸುಮಾರು ಒಂದೇ ನಿಮಿಷ ಸಾಕಾಗುತ್ತಿತ್ತು. ಕಾಗದದ ಕಾರ್ಖಾನೆಯ ದಾಂಡೇಲಿ, ಸಕ್ಕರೆ ಕಾರ್ಖಾನೆಯ ಹಳಿಯಾಳ, 1966ರಿಂದ ಟಿಬೆಟನ್ನರ ನೆಲೆಯಿರುವ ಮುಂಡಗೋಡ, ಕಾಡಿನೊಳಗಿನ ಜೋಯಿಡಾ: ಸಹಿ-ಮೊಹರಿನ ಪ್ರತಿ ಅಂದೇ ದೂರದೂರಿಗೆ ತಲುಪಬೇಕಾದ ಸಂದರ್ಭ ಇಂಥ ಊರುಗಳಲ್ಲಿ ಬಂದೇ ಬರುತ್ತದೆ. ತಾಮ್ರದ ತಂತಿಯ ಮೇಲೆ ಆ ಕೆಲಸ ನಡೆಯುತ್ತಿತ್ತು. ಈಗ ಫೈಬರ್ ಬಂದಲ್ಲಿ ಹಳೆಯ ಫೋನನ್ನು ಮೋಡೆಮ್ ಪೆಟ್ಟಿಗೆಗೇ ಸಿಕ್ಕಿಸುತ್ತಾರೆ. ಮಾತು ಮೊದಲಿಗಿಂತ ಸ್ಪಷ್ಟ, ಫ್ಯಾಕ್ಸ್ ಮಾತ್ರ ಅರ್ಧ ಪುಟಕ್ಕೆ ನಿಲ್ಲುತ್ತದೆ. ಎಲ್ಲರೂ ಮೊದಲು ದೂರುವುದು ಯಂತ್ರವನ್ನು. ತಪ್ಪು ಬಹುಮಟ್ಟಿಗೆ ಅದರದ್ದಲ್ಲ. ಫ್ಯಾಕ್ಸನ್ನೂ ಮಾತೆಂದೇ ಎಣಿಸಿ ಸಾಗಿಸುವ ವ್ಯವಸ್ಥೆಯದ್ದು. ಇದುವರೆಗಿನ ಪರಿಹಾರಗಳಲ್ಲಿ ಗಟ್ಟಿಯಾಗಿ ಫಲಿಸಿದ್ದೆಲ್ಲ ಈ ಎಣಿಕೆಯನ್ನು ಬಿಟ್ಟುಕೊಟ್ಟದ್ದೇ.

ಫ್ಯಾಕ್ಸ್ ಪುಟವನ್ನು ಸದ್ದಾಗಿಸಿ ಕಳುಹಿಸುತ್ತದೆ. ಇಂಟರ್‌ನೆಟ್ ಫೋನ್ ಆ ಸದ್ದನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಪ್ಯಾಕೆಟ್‌ಗಳಲ್ಲಿ ತುಂಬುತ್ತದೆ. ಒಂದು ಪ್ಯಾಕೆಟ್ ಕಳೆದುಹೋದರೆ ಹಿಂದಿನ ಸದ್ದನ್ನೇ ಎಳೆದು ತೇಪೆ ಹಾಕುತ್ತದೆ. ನಮ್ಮ ಕಿವಿಗೆ ಅದು ಗೊತ್ತೇ ಆಗುವುದಿಲ್ಲ, ಫ್ಯಾಕ್ಸ್ ಯಂತ್ರದೊಳಗಿನ ಮೋಡೆಮ್‌ಗೆ ಅದು ಸುಳ್ಳು ಸಾಕ್ಷಿ. ಮಾತನ್ನು ಸೆಕೆಂಡಿಗೆ 8,000 ಬಿಟ್‌ಗಳಿಗೆ ಹಿಂಡುವ ಜಿ.729 ಕೋಡೆಕ್‌ನಲ್ಲಿ 14,400 ಬಿಟ್ ವೇಗದ ಫ್ಯಾಕ್ಸ್ ಹಿಡಿಸಲಾರದೆಂಬುದು ಸರಳ ಲೆಕ್ಕ. ಆದ್ದರಿಂದ ಮೊದಲ ಚಿಕಿತ್ಸೆ, ಹಿಂಡದೆ 64,000 ಬಿಟ್‌ಗಳಲ್ಲಿ ಸಾಗಿಸುವ ಜಿ.711. ಇದರಿಂದ ಒಂದು ಪುಟ ಹೋಗುತ್ತದೆ, ಹತ್ತು ಪುಟದ ಕಡತ ನಡುವೆ ಕಡಿಯುತ್ತದೆ. ಇದಕ್ಕೆ ಹೆಚ್ಚಿನವರ ಗಮನಕ್ಕೆ ಬಾರದ ಕಾರಣವೊಂದಿದೆ: ಎರಡು ತುದಿಯ ಪೆಟ್ಟಿಗೆಗಳ ಗಡಿಯಾರಗಳು ಕೂದಲೆಳೆಯಷ್ಟು ಬೇರೆ ವೇಗದಲ್ಲಿ ಓಡುತ್ತವೆ. ಆ ವ್ಯತ್ಯಾಸ ಕೂಡುತ್ತ ಹೋಗಿ, ಪ್ಯಾಕೆಟ್‌ಗಳನ್ನು ತಡೆದು ಸಾಲುಗೂಡಿಸುವ ಬಫರ್ ಒಂದು ಹಂತದಲ್ಲಿ ತುಂಬಿ ತುಳುಕುತ್ತದೆ ಇಲ್ಲವೆ ಬರಿದಾಗುತ್ತದೆ. ಚಿಕ್ಕ ಫ್ಯಾಕ್ಸ್ ಅಷ್ಟರೊಳಗೆ ಮುಗಿದಿರುತ್ತದೆ. ಹಾಗಾಗಿ ದೋಷ ಎಲ್ಲಿದೆಯೆಂದು ಹುಡುಕುವವರು ಫ್ಯಾಕ್ಸ್ ಯಾವ ಹೊತ್ತಿಗೆ ನಿಂತಿತೆಂದು ಕೇಳಬೇಕು. ಆರಂಭದಲ್ಲಿ ಎರಡು ಯಂತ್ರಗಳು ಪರಸ್ಪರ ಗುರುತಿಸಿಕೊಳ್ಳುವ ಶಿಳ್ಳೆಯ ವಿನಿಮಯದಲ್ಲೇ ಸೋತರೆ ಕೋಡೆಕ್ ಅಥವಾ ಪ್ರತಿಧ್ವನಿ ನಿವಾರಕವನ್ನು ನೋಡಬೇಕು; ಪುಟಗಳು ಸಾಗಿದ ಮೇಲೆ ಕಡಿದರೆ ಬಫರ್ ಮತ್ತು ಪ್ಯಾಕೆಟ್ ನಷ್ಟವನ್ನು; ಒಂದು ನಂಬರಿಗೆ ಮಾತ್ರ ಹೋಗದಿದ್ದರೆ ಆಚೆ ತುದಿಯನ್ನೋ ನಡುವಿನ ಜಾಲವನ್ನೋ.

ವೇಗವನ್ನು 9,600ಕ್ಕೆ ಇಳಿಸಿ, ದೋಷ ತಿದ್ದುವ ಇಸಿಎಂ ಸೌಲಭ್ಯವನ್ನು ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಮೊದಲನೆಯದು ನಿರುಪದ್ರವಿ. ಎರಡನೆಯದರ ಬಗ್ಗೆ ನನಗೆ ತಕರಾರಿದೆ. ಇಸಿಎಂ ಕೆಟ್ಟ ಭಾಗವನ್ನು ಮತ್ತೆ ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಪ್ಯಾಕೆಟ್ ನಷ್ಟ ಹೆಚ್ಚಿದ್ದರೆ ಅದರಲ್ಲೇ ಸಮಯ ಮೀರಿ ಕರೆ ಕಡಿಯುತ್ತದೆ, ನಿಜ. ಅದನ್ನು ಆಫ್ ಮಾಡಿದರೆ ಪುಟವೇನೋ ತಲುಪುತ್ತದೆ, ಒಂದೆರಡು ಸಾಲು ಅಳಿಸಿಹೋಗಿರಬಹುದು. ಆ ಸಾಲಿನಲ್ಲಿ ಸರ್ವೆ ನಂಬರೋ ಮೊತ್ತವೋ ಇದ್ದರೆ, ಬಾರದ ಫ್ಯಾಕ್ಸಿಗಿಂತ ಬಂದ ಫ್ಯಾಕ್ಸೇ ಅಪಾಯಕಾರಿ.

ನಿಜವಾದ ತಿರುವು 1998ರಲ್ಲಿ ಬಂತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಟಿ.38 ಮಾನಕದಲ್ಲಿ, ಫೋನನ್ನೂ ಇಂಟರ್‌ನೆಟ್ಟನ್ನೂ ಬೆಸೆಯುವ ಪೆಟ್ಟಿಗೆಯಾದ ಗೇಟ್‌ವೇ ಫ್ಯಾಕ್ಸಿನ ಸದ್ದನ್ನು ಬಿಡಿಸಿ ಒಳಗಿನ ದತ್ತಾಂಶವನ್ನಷ್ಟೇ ಕಳುಹಿಸುತ್ತದೆ. ಹಿಂದಿನ ಪ್ಯಾಕೆಟ್‌ನ ಪ್ರತಿಯನ್ನೂ ಜೊತೆಗಿಟ್ಟು ನಷ್ಟ ತುಂಬಿಕೊಡಬಲ್ಲದು. ಅದೇ ವರ್ಷದ ಟಿ.37 ಇನ್ನೂ ಮುಂದೆ ಹೋಗಿ ಪುಟವನ್ನು ಇಮೇಲಿಗೆ ಲಗತ್ತಿಸಿತು. ಟಿ.38 ಇದ್ದೂ ಫ್ಯಾಕ್ಸ್ ಸೋಲುತ್ತದಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಕರೆ ಎರಡು ಮೂರು ಕಂಪನಿಗಳ ಜಾಲ ದಾಟುವಾಗ ನಡುವಿನ ಒಂದು ಜಾಲ ಅದನ್ನು ಒಪ್ಪದಿದ್ದರೂ ಎಲ್ಲವೂ ಮತ್ತೆ ಸದ್ದಿಗೇ ಮರಳುತ್ತದೆ. ಆದರೆ ಇದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ಸೋಲು ಕಾಣುವುದು ಫ್ಯಾಕ್ಸ್ ಮತ್ತೆ ಮಾತಿನ ವೇಷ ಹಾಕಿದ ಜಾಗದಲ್ಲೇ.

ಸತ್ತುಹೋಗುತ್ತಿರುವ ಯಂತ್ರಕ್ಕೆ ಇಷ್ಟೊಂದು ಆರೈಕೆ ಏಕೆ ಎಂದೂ ಕೇಳಬಹುದು. ದೇಶ 2013ರ ಜುಲೈಯಲ್ಲಿ ಟೆಲಿಗ್ರಾಮನ್ನೇ ಬೀಳ್ಕೊಟ್ಟಿದೆ. ಆದರೆ ಆಚೆ ಬದಿಯ ಕಚೇರಿ ಫ್ಯಾಕ್ಸನ್ನೇ ಕೇಳಿದರೆ ಈಚೆಯವರಿಗೆ ಆಯ್ಕೆಯಿರುವುದಿಲ್ಲ. ಟೆಲಿಫೋನ್ ತಂತಿಗೆ ಜೋಡಿಸಿದ ಹಳೆಯ ಕಾರ್ಡ್ ಯಂತ್ರಗಳಿಗೂ ಅಲಾರಂಗಳಿಗೂ ಕಾಡುವುದು ಇದೇ ರೋಗ. ಹಾಗಾಗಿ ಫೈಬರ್ ಗಟ್ಟಿಯಾಗಿರುವ ದಾಂಡೇಲಿ, ಹಳಿಯಾಳದಂಥ ಪಟ್ಟಣದ ಕಚೇರಿಗಳು ಸಂಪರ್ಕ ಪಡೆಯುವ ಮೊದಲೇ ಟಿ.38 ಉಂಟೇ ಎಂದು ಕೇಳಿ, ಹತ್ತು ಪುಟ ಕಳುಹಿಸಿ ಪರೀಕ್ಷಿಸಲಿ. ಕಾಡು ಕಣಿವೆಗಳ ನಡುವೆ ಸಂಪರ್ಕ ಆಗಾಗ ತಪ್ಪುವ ಜೋಯಿಡಾದ ಹಳ್ಳಿಗಳಲ್ಲಿ ಫ್ಯಾಕ್ಸ್ ಯಂತ್ರದ ಜೊತೆ ಗುದ್ದಾಡುವುದು ವ್ಯರ್ಥ. ಪುಟವನ್ನು ಸ್ಕ್ಯಾನ್ ಮಾಡಿ, ಇಮೇಲನ್ನು ಫ್ಯಾಕ್ಸಾಗಿ ತಲುಪಿಸುವ ಸೇವೆಗೆ ಒಪ್ಪಿಸುವುದೇ ಮೇಲು.