ಅಗಲ ಪರದೆಯ ಲ್ಯಾಪ್‌ಟಾಪ್‌ನಲ್ಲಿ ಭಾವಚಿತ್ರ ಹಾಗೂ ದಾಖಲೆಗಳು ವಿರೂಪವಾಗಿ ಕಾಣುವುದು: ಅರ್ಜಿದಾರರಿಗೆ ಮಾಹಿತಿ

ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ಕೆಲವರಿಗೆ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಭಾವಚಿತ್ರ, ಸಹಿ, ನಕ್ಷೆ ಮುಂತಾದವು ಅಡ್ಡಲಾಗಿ ಹಿಗ್ಗಿದಂತೆ ಕಾಣುವುದುಂಟು. ಪರದೆಯ ಮೇಲಿನ ಎಲ್ಲ ಚಿತ್ರಗಳೂ ಹೀಗೆಯೇ ಕಂಡಲ್ಲಿ ದೋಷವು ಪರದೆಯ ಹೊಂದಾಣಿಕೆಯಲ್ಲಿರುತ್ತದೆಯೇ ಹೊರತು ಚಿತ್ರದ ಕಡತದಲ್ಲಿ ಅಲ್ಲ. ಆದುದರಿಂದ ಭಾವಚಿತ್ರವನ್ನು ಕುಗ್ಗಿಸಿ ಅಪ್‌ಲೋಡ್ ಮಾಡಬಾರದು. ಹಾಗೆ ಮಾಡಿದಲ್ಲಿ ಮುಖವು ಅರ್ಜಿದಾರರ ಪರದೆಯಲ್ಲಿ ಸರಿಯಾಗಿ ಕಂಡರೂ, ಅರ್ಜಿಯನ್ನು ಪರಿಶೀಲಿಸುವವರ ಪರದೆಯಲ್ಲಿ ಹಾಗೂ ಮುದ್ರಿತ ಪ್ರತಿಯಲ್ಲಿ ನೀಳವಾಗಿ ಕಂಡು, ಅರ್ಜಿಯು ತಿರಸ್ಕೃತವಾಗುವ ಸಂಭವವಿರುತ್ತದೆ.

ಕಾರಣ

ಹಳೆಯ ಮಾನಿಟರ್‌ಗಳ ಅಗಲ ಮತ್ತು ಎತ್ತರದ ಅನುಪಾತವು ಸಾಮಾನ್ಯವಾಗಿ 4:3 ಆಗಿತ್ತು. ಅಗಲ ಪರದೆಯ ಲ್ಯಾಪ್‌ಟಾಪ್‌ಗಳಲ್ಲಿ ಇದು ಹೆಚ್ಚಾಗಿ 16:9 ಅಥವಾ 16:10 ಆಗಿರುತ್ತದೆ. ಉದಾಹರಣೆಗೆ, 1366 × 768 ಪಿಕ್ಸೆಲ್‌ಗಳ ಪರದೆಗೆ 1024 × 768 ರೆಸಲ್ಯೂಷನ್ ಆಯ್ಕೆ ಮಾಡಿ, ಚಿತ್ರವು ಪರದೆಯ ತುಂಬ ಹರಡಿದಲ್ಲಿ, ಎತ್ತರವು ಹಾಗೆಯೇ ಉಳಿದು ಅಗಲವು ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರದ ಭಾವಚಿತ್ರವು ಸುಮಾರು 47 ಮಿ.ಮೀ. ಅಗಲವಿರುವಂತೆ ಕಾಣುತ್ತದೆ. ಅಕ್ಷರಗಳು ದೊಡ್ಡದಾಗಿ ಕಾಣಲೆಂದು ರೆಸಲ್ಯೂಷನ್ ಇಳಿಸುವುದು ಇದಕ್ಕೆ ಸಾಮಾನ್ಯ ಕಾರಣಗಳಲ್ಲೊಂದು.

ಪರೀಕ್ಷಿಸುವ ವಿಧಾನ

ಪೇಂಟ್ ತಂತ್ರಾಂಶದಲ್ಲಿ ಆಯತದ ಆಕೃತಿಯನ್ನು ಆಯ್ದು, ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಚೌಕವೊಂದನ್ನು ಬರೆಯುವುದು. ಅದರ ಅಗಲ ಮತ್ತು ಎತ್ತರವನ್ನು ಪರದೆಯ ಮೇಲೆಯೇ ಅಳತೆಪಟ್ಟಿಯಿಂದ ಅಳೆಯುವುದು. ಅಗಲವು ಹೆಚ್ಚಿದ್ದಲ್ಲಿ ಪರದೆಯನ್ನು ಸರಿಪಡಿಸತಕ್ಕದ್ದು.

ಸರಿಪಡಿಸುವ ಕ್ರಮ (ವಿಂಡೋಸ್ 10 ಮತ್ತು 11)

1. ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ಮೌಸ್‌ನ ಬಲಗುಂಡಿಯನ್ನು ಒತ್ತಿ "ಡಿಸ್‌ಪ್ಲೇ ಸೆಟ್ಟಿಂಗ್ಸ್" ಆಯ್ಕೆ ಮಾಡುವುದು.
2. "ಡಿಸ್‌ಪ್ಲೇ ರೆಸಲ್ಯೂಷನ್" ಪಟ್ಟಿಯಲ್ಲಿ "ರೆಕಮೆಂಡೆಡ್" ಎಂದು ಗುರುತಿಸಿರುವ ಸಂಖ್ಯೆಯನ್ನು ಆಯ್ದು, "ಕೀಪ್ ಚೇಂಜಸ್" ಒತ್ತುವುದು.
3. ಅಕ್ಷರಗಳು ಚಿಕ್ಕದೆನಿಸಿದಲ್ಲಿ ರೆಸಲ್ಯೂಷನ್ ಇಳಿಸದೆ, ಅದೇ ಪುಟದ "ಸ್ಕೇಲ್" ಪ್ರಮಾಣವನ್ನು 125% ಅಥವಾ 150%ಗೆ ಏರಿಸುವುದು. ಬ್ರೌಸರ್‌ನಲ್ಲಿ ಮಾತ್ರ ದೊಡ್ಡದಾಗಿಸಲು ಕಂಟ್ರೋಲ್ ಮತ್ತು + ಕೀಲಿಗಳನ್ನು ಒಟ್ಟಿಗೆ ಒತ್ತುವುದು. ಇದರಿಂದ ಚಿತ್ರದ ಅನುಪಾತ ಕೆಡುವುದಿಲ್ಲ.

ಇತರ ಸಂದರ್ಭಗಳು

• ಸೂಕ್ತ ರೆಸಲ್ಯೂಷನ್ ಪಟ್ಟಿಯಲ್ಲಿಯೇ ಇಲ್ಲದಿದ್ದಲ್ಲಿ: ಗ್ರಾಫಿಕ್ಸ್ ಡ್ರೈವರ್ ಸ್ಥಾಪನೆಯಾಗದಿರುವ ಸಾಧ್ಯತೆಯಿದೆ. ಲ್ಯಾಪ್‌ಟಾಪ್ ತಯಾರಕರ ಅಧಿಕೃತ ಜಾಲತಾಣದಿಂದ ತಮ್ಮ ಮಾದರಿಗೆ ಸಂಬಂಧಿಸಿದ ಡ್ರೈವರ್ ಪಡೆದು ಅಳವಡಿಸುವುದು.
• ಪ್ರೊಜೆಕ್ಟರ್ ಅಥವಾ ಬೇರೆ ಮಾನಿಟರ್ ಜೋಡಿಸಿದಾಗ ಮಾತ್ರ ಹೀಗಾದಲ್ಲಿ: ವಿಂಡೋಸ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿ "ಪಿಸಿ ಸ್ಕ್ರೀನ್ ಓನ್ಲಿ" ಆಯ್ಕೆ ಮಾಡುವುದು.
• ಒಂದು ಜಾಲಪುಟದ ಚಿತ್ರ ಮಾತ್ರ ವಿರೂಪವಾಗಿದ್ದಲ್ಲಿ: ಚಿತ್ರದ ಮೇಲೆ ಬಲಗುಂಡಿ ಒತ್ತಿ ಅದನ್ನು ಹೊಸ ಟ್ಯಾಬ್‌ನಲ್ಲಿ ತೆರೆಯುವುದು. ಅಲ್ಲಿ ಸರಿಯಾಗಿ ಕಂಡಲ್ಲಿ ದೋಷವು ಆ ಪುಟದ ವಿನ್ಯಾಸದ್ದು. ಅರ್ಜಿದಾರರು ಏನನ್ನೂ ಬದಲಿಸಬೇಕಾಗಿಲ್ಲ.

ಅಪ್‌ಲೋಡ್ ಮಾಡುವ ಮುನ್ನ

ಪರದೆಯನ್ನು ಸರಿಪಡಿಸಿದ ನಂತರ ಮೂಲ ಭಾವಚಿತ್ರವನ್ನು ಮತ್ತೊಮ್ಮೆ ತೆರೆದು ನೋಡತಕ್ಕದ್ದು. ಈ ಮೊದಲೇ ಕುಗ್ಗಿಸಿದ ಪ್ರತಿಯಿದ್ದಲ್ಲಿ ಅದನ್ನು ಬಳಸಬಾರದು. ಚಿತ್ರದ ಅಳತೆಯನ್ನು ಕಡಿಮೆ ಮಾಡಬೇಕಾದಲ್ಲಿ ಅಗಲ ಮತ್ತು ಎತ್ತರ ಎರಡೂ ಒಂದೇ ಪ್ರಮಾಣದಲ್ಲಿ ತಗ್ಗುವಂತೆ ನೋಡಿಕೊಳ್ಳುವುದು; ಅಂಚಿನ ಹೆಚ್ಚುವರಿ ಭಾಗವನ್ನು ಕತ್ತರಿಸಬಹುದು, ಆದರೆ ಮುಖವನ್ನು ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ಕೂಡದು. ಪರದೆಯ ಹೊಂದಾಣಿಕೆಯನ್ನು ಬದಲಿಸುವುದರಿಂದ ಈಗಾಗಲೇ ಸಲ್ಲಿಸಿರುವ ಅರ್ಜಿಗಾಗಲಿ, ಡೌನ್‌ಲೋಡ್ ಮಾಡಿಕೊಂಡ ದಾಖಲೆಗಳಿಗಾಗಲಿ ಯಾವುದೇ ಬದಲಾವಣೆ ಉಂಟಾಗುವುದಿಲ್ಲ.