ಕಿನ್ನಾಳದ ಬೊಂಬೆಯೂ ಕಂಪ್ಯೂಟರ್ ಪಾಠವೂ

ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರ ಮಕ್ಕಳು ಬೊಂಬೆ ಮಾಡುವುದನ್ನು ಪುಸ್ತಕ ಓದಿ ಕಲಿತವರಲ್ಲ. ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೂಡಿಸಿ, ಕೆಟ್ಟದ್ದನ್ನು ತಿದ್ದುತ್ತಲೇ ಕಲಿತರು.

ಅರಿವನ್ನು ಯಾರೂ ತುಂಬಲಾಗದು, ಕಲಿಯುವವನೇ ಕಟ್ಟಿಕೊಳ್ಳಬೇಕು ಎಂಬುದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆಯ ವಾದ. ಅವರೊಡನೆ ದುಡಿದ ಸೆಮೂರ್ ಪ್ಯಾಪರ್ಟ್ ಇದನ್ನು ಕಂಪ್ಯೂಟರಿಗೆ ತಂದರು. 1967ರಲ್ಲಿ ಅವರು ಸಂಗಡಿಗರೊಂದಿಗೆ ರೂಪಿಸಿದ ‘ಲೋಗೋ’ ಭಾಷೆ ಮುಂದೆ ‘ಆಮೆ’ಯಿಂದಾಗಿ ಹೆಸರಾಯಿತು. ಮಗು ಆಜ್ಞೆ ಕೊಟ್ಟರೆ ಆಮೆ ಚೌಕ ಬರೆಯುತ್ತದೆ. ಗೆರೆ ತಪ್ಪಿದರೆ ಕಾರಣವನ್ನು ಮಗುವೇ ಹುಡುಕಬೇಕು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ತತ್ವವನ್ನು ಭಾರತದ ಶಾಲೆಗಳ ಮುಂದಿಟ್ಟಿತು. 2010ರ ದಶಕದಲ್ಲಿ ಕರ್ನಾಟಕದ ‘ವಿಷಯ ಶಿಕ್ಷಕರ ವೇದಿಕೆ’ಯ ಮೂಲಕ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ತಾವೇ ಪಾಠಸಾಮಗ್ರಿ ರಚಿಸಿ ಅಂತರಜಾಲದಲ್ಲಿ ಹಂಚಿಕೊಂಡರು. ಅವರು ಬಳಸಿದ ‘ಜಿಯೋಜೆಬ್ರಾ’ ತಂತ್ರಾಂಶದಲ್ಲಿ ತ್ರಿಭುಜದ ತುದಿಯನ್ನು ಎತ್ತ ಎಳೆದರೂ ಕೋನಗಳ ಮೊತ್ತ 180 ಡಿಗ್ರಿಯೇ ಎಂಬುದು ಕಣ್ಣೆದುರೇ ಕಾಣುತ್ತದೆ.

ಯಾವ ಗುಂಡಿ ಒತ್ತಬೇಕೆಂಬ ಪಟ್ಟಿಯನ್ನಷ್ಟೇ ಕೊಡುವ ಆನ್‌ಲೈನ್ ತರಬೇತಿ, ತಂತ್ರಾಂಶದ ಹೊಸ ಆವೃತ್ತಿ ಬಂದ ದಿನವೇ ಹಳತಾಗುತ್ತದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಶಿಕ್ಷಕರಿಗೆ ಬೆಂಗಳೂರಿನ ತಜ್ಞರು ದೂರ. ಒಂದು ಪಾಠವನ್ನಾದರೂ ತಾನೇ ಕಟ್ಟಿ, ಕೆಡಿಸಿ, ತಿದ್ದಿದವರು ಮಾತ್ರ ಹೊಸ ಆವೃತ್ತಿಗೂ ಅಂಜುವುದಿಲ್ಲ.