ಜಾಲಂದ್ರದ ಹಿಂದಿನ ಪಿಟೀಲು

ರೇಡಿಯೊ ಮುಂದೆ ಕುಳಿತು ಪಿಟೀಲು ಕೇಳುವಾಗ ನುಡಿಸುವವರ ಮುಖ ತಮಗೆ ಕಾಣದಷ್ಟೆ. ಹದಿನೆಂಟನೆಯ ಶತಮಾನದ ವೆನಿಸ್ ನಗರದಲ್ಲಿಯೂ ಜನರು ಬಹುಮಟ್ಟಿಗೆ ಹೀಗೆಯೇ, ಕಿವಿಯನ್ನೇ ನಂಬಿ ಕುಳಿತು, ಒಬ್ಬ ಪಿಟೀಲು ವಿದುಷಿಯನ್ನು ಕೇಳುತ್ತಿದ್ದರು. ಆಕೆಯೇ ಆನ್ನಾ ಮರಿಯಾ.

ಇಟಲಿಯ ಆ ಜಲನಗರಿಯಲ್ಲಿ ಪಿಯೆತಾ ಎಂಬುದೊಂದು ಅನಾಥಾಶ್ರಮ. ಹೆತ್ತವರು ತೊರೆದ ಶಿಶುಗಳನ್ನು 14ನೆಯ ಶತಮಾನದಿಂದಲೂ ಸಾಕುತ್ತಿದ್ದ ಧರ್ಮಸಂಸ್ಥೆ. 1696ರ ಸುಮಾರಿಗೆ ಹುಟ್ಟಿದ ಆನ್ನಾ ಮರಿಯಾ ಬೆಳೆದದ್ದು ಅಲ್ಲಿಯೇ. ಮನೆತನದ ಹೆಸರಿಲ್ಲದ ಈ ಹುಡುಗಿಯರನ್ನು ಅವರ ವಾದ್ಯದಿಂದ ಗುರುತಿಸುವುದು ವಾಡಿಕೆ. ಹೀಗಾಗಿ ಈಕೆ ‘ಪಿಟೀಲಿನ ಆನ್ನಾ ಮರಿಯಾ’. ತಂದೆಯ ಹೆಸರಿರಬೇಕಾದ ಎಡೆಯಲ್ಲಿ ವಾದ್ಯ ಬಂದು ನಿಂತಿತು!

1703ರಲ್ಲಿ ಆಶ್ರಮಕ್ಕೆ ಪಿಟೀಲು ಉಪಾಧ್ಯಾಯನಾಗಿ ಬಂದವನು ಕೆಂಗೂದಲಿನ ತರುಣ ಪಾದ್ರಿ ಆಂಟೋನಿಯೊ ವಿವಾಲ್ಡಿ. ಒಂದು ಪಿಟೀಲು ಮುಂದೆ ನಡೆದು, ಉಳಿದ ವಾದ್ಯಗಳು ಅದಕ್ಕೆ ಮಾರುತ್ತರ ಕೊಡುವ ‘ಕನ್ಚೆರ್ಟೊ’ ಎಂಬ ರಚನೆಗಳಲ್ಲಿ ಹಲವನ್ನು ಆತ ಈಕೆಗೆಂದೇ ಬರೆದನು. ಅವು ಕಲಿಯುವ ಮಕ್ಕಳ ಕೈಗೆ ಎಟುಕುವಂಥವಲ್ಲ. ಇಂಥದನ್ನು ಬರೆದುಕೊಟ್ಟದ್ದೇ ಶಿಷ್ಯೆಗೆ ಗುರುವಿತ್ತ ದೊಡ್ಡ ಬಿರುದೆಂದು ನನ್ನ ಎಣಿಕೆ. ಚೆಲ್ಲೊ, ಲ್ಯೂಟ್, ಮ್ಯಾಂಡೊಲಿನ್, ಹಾರ್ಪ್ಸಿಕಾರ್ಡ್ ವಾದ್ಯಗಳೂ ಆಕೆಗೆ ವಶವಾಗಿದ್ದುವು. ಬರಬರುತ್ತ ಕಿರಿಯರಿಗೆ ಪಿಟೀಲು ಕಲಿಸುವ ಗುರುವಾಗಿ, ಕಡೆಗೆ ಆಶ್ರಮದ ಗಾಯನವಾದನ ಮೇಳಕ್ಕೇ ಮುಖ್ಯಸ್ಥೆಯಾದಳು.

ಗಂಡಸರಿಲ್ಲದೆ ವಾದ್ಯಮೇಳ ನಡೆದೀತೆ ಎಂದು ತಾವು ಕೇಳಬಹುದು. 1739ರಲ್ಲಿ ವೆನಿಸ್ ನೋಡಲು ಬಂದ ಫ್ರೆಂಚ್ ವಿದ್ವಾಂಸ ಷಾರ್ಲ್ ದ ಬ್ರೋಸ್, ಅಲ್ಲಿನ ಇಂಥ ನಾಲ್ಕು ಆಶ್ರಮಗಳ ಮೇಳಗಳನ್ನು ಮೆಚ್ಚಿ ಬರೆದಿದ್ದಾನೆ. ಬಿಳಿಯ ಉಡುಪಿನ ಹುಡುಗಿಯೊಬ್ಬಳು ಕಿವಿಯ ಮೇಲೆ ದಾಳಿಂಬೆ ಹೂ ಮುಡಿದು, ಇಡೀ ಮೇಳಕ್ಕೆ ಲಯ ಹಿಡಿದು ನಡೆಸುವ ಚೆಲುವನ್ನು ಆತ ಬಣ್ಣಿಸುತ್ತಾನೆ. ಯೂರೋಪಿನ ಬೇರೆಡೆ ಹೆಣ್ಣಿಗೆ ಅಪರೂಪವಾಗಿದ್ದ ಅಧಿಕಾರವಿದು.

ಆದರೆ ಅದಕ್ಕೊಂದು ಬೆಲೆಯಿತ್ತು. ಎತ್ತರದ ಮೊಗಸಾಲೆಯಲ್ಲಿ, ಕಬ್ಬಿಣದ ಜಾಲಂದ್ರದ ಹಿಂದೆ ನಿಂತು ನುಡಿಸಬೇಕು. ಮದುವೆಯಾಗಿ ಹೊರಟರೆ ಸಭೆಯಲ್ಲಿ ನುಡಿಸಕೂಡದೆಂಬ ಕಟ್ಟಳೆ. ಸಂಸಾರವೋ ಸಂಗೀತವೋ, ಎರಡರಲ್ಲಿ ಒಂದು. ಕಲಿಸಿದ ಕೈಯೇ ಬಾಗಿಲನ್ನೂ ಮುಚ್ಚಿತ್ತು. ಇದನ್ನು ಬರಿಯ ಉಪಕಾರವೆನ್ನಲು ನನಗೆ ಮನಸ್ಸು ಬಾರದು.

ವಿವಾಲ್ಡಿ 1741ರಲ್ಲಿ ದೂರದ ವಿಯೆನ್ನಾದಲ್ಲಿ ಬಡತನದಲ್ಲಿ ತೀರಿಕೊಂಡನು. ಆನ್ನಾ ಮರಿಯಾ ಇನ್ನೂ ನಾಲ್ವತ್ತು ವರ್ಷ ಬದುಕಿ, 1782ರಲ್ಲಿ ಕಾಲವಾದಳು. ಆಕೆಯ ಹೆಸರು ಹೊತ್ತ ಸ್ವರಪುಸ್ತಕವೊಂದು ವೆನಿಸ್ಸಿನ ಸಂಗೀತ ವಿದ್ಯಾಲಯದಲ್ಲಿ ಉಳಿದಿದೆ. ಅದರಲ್ಲಿರುವುದು ಆಕೆ ನುಡಿಸುತ್ತಿದ್ದ ಪಿಟೀಲಿನ ಪಂಕ್ತಿ ಮಾತ್ರ. ಅವುಗಳಲ್ಲಿ ಕೆಲವು ಕೃತಿಗಳ ಮಿಕ್ಕ ವಾದ್ಯಗಳ ಹಾಳೆಗಳು ಕಳೆದುಹೋಗಿವೆ.